ಗ್ಯಾಸು ಎಂಬ ಸುಳ್ಳು

ನಮ್ಮ ಹೆಂಗಸರಿಗೆ ಬರುವ ಕಾಯಿಲೆಗಳು ಎರಡೇ. ಒಂದು ಗ್ಯಾಸು, ಇನ್ನೊಂದು ಟೆನ್ಷನ್ನು. ಉಳಿದವೆಲ್ಲ ಗಂಡಸರಿಗೆ ಮೀಸಲು. ಯಾವ ವೈದ್ಯರ ಪುಸ್ತಕದಲ್ಲೂ ಹೀಗೆ ಬರೆದಿಲ್ಲ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಹೀಗೆಯೇ.

ನಮ್ಮಣ್ಣನಿಗೆ ಒಂದು ರಾತ್ರಿ ಎದೆ ಹಿಡಿದ ಹಾಗಾಯಿತು. ಹತ್ತು ನಿಮಿಷದಲ್ಲಿ ಪಕ್ಕದ ಮನೆಯವರ ಕಾರು ಬಾಗಿಲಿಗೆ ಬಂತು. ರಾತ್ರಿಯೆಲ್ಲ ಪರೀಕ್ಷೆ ನಡೆದು, ಹೃದಯಕ್ಕೇನೂ ಆಗಿಲ್ಲವೆಂದು ತಿಳಿದು, ಬೆಳಗಿನ ಕಾಫಿಗೆ ಮನೆಗೆ ಬಂದ. ನಿಜವಾದ ಗ್ಯಾಸೆಂದರೆ ಅದು!

ಮರುವರ್ಷ ಅದೇ ಮನೆಯಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಅತ್ತಿಗೆ ಬೆವೆತು ನೀರಾಗಿ ಅಡುಗೆಮನೆಯ ನೆಲದ ಮೇಲೆ ಕೂತರು. ದವಡೆ ನೋವು, ಬೆನ್ನು ಸೆಳೆತ, ಓಕರಿಕೆ. ರಜೆಗೆಂದು ಹೋಗಿದ್ದ ನಾನು, ಬಿ.ಎ., ಬಿ.ಎಡ್. ಓದಿದ ಟೀಚರಮ್ಮ, ಏನು ಮಾಡಿದೆ? ಓಮದ ಕಷಾಯ ಕಾಯಿಸಿ ಕೊಟ್ಟೆ. ಅತ್ತಿಗೆಯೋ, "ಎಲ್ಲರ ತಿಂಡಿ ಆಗಲಿ ಇರಿ" ಎಂದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಯದೆ ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ದೊಡ್ಡಾಸ್ಪತ್ರೆ ಸೇರುವಾಗ ಮಧ್ಯಾಹ್ನ ಎರಡು ಗಂಟೆ. ಜೀವ ಉಳಿಯಿತು, ಹೃದಯದ ಬಲ ಉಳಿಯಲಿಲ್ಲ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಹೃದಯದ ಸ್ನಾಯು ಹೊತ್ತು ಹೋದಂತೆಲ್ಲ ಸಾಯುತ್ತ ಹೋಗುತ್ತದೆ. ಇದಕ್ಕೆ ಮದ್ದಿಲ್ಲವೇ? ಇದೆ. 17,187 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ 1988ರಲ್ಲೇ ಪ್ರಕಟವಾಯಿತು. ಆಸ್ಪಿರಿನ್ ಮಾತ್ರೆಯನ್ನೂ ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಔಷಧಿಯನ್ನೂ ಒಟ್ಟಿಗೆ ಕೊಟ್ಟಾಗ, ಐದು ವಾರಗಳೊಳಗಿನ ಸಾವು ನೂರಕ್ಕೆ 42ರಷ್ಟು ಇಳಿದಿತ್ತು. ಈಗಂತೂ ಆಂಜಿಯೋಪ್ಲಾಸ್ಟಿ ಮಾಡಿ ಮುಚ್ಚಿದ ನಾಳವನ್ನೇ ತೆರೆಯುತ್ತಾರೆ. ಆದರೆ ಯಾವ ಚಿಕಿತ್ಸೆಯೂ ನಮ್ಮ ಅಡುಗೆಮನೆಗೆ ನಡೆದು ಬರುವುದಿಲ್ಲ.

ಇದು ನಮ್ಮೂರಿನ ಕತೆ ಮಾತ್ರವೂ ಅಲ್ಲ. ಅಮೆರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ ಇದನ್ನೇ ಬರೆದರು: ತನಗೂ ಗಂಡಸಿನಷ್ಟೇ ಕಾಯಿಲೆ ಇದೆಯೆಂದು ರುಜುವಾತು ಮಾಡಿದ ಮೇಲೆಯೇ ಹೆಂಗಸಿಗೆ ಗಂಡಸಿನಂಥ ಚಿಕಿತ್ಸೆ. ಎದೆನೋವು ನಮಗೂ ಬರುತ್ತದೆ. ಅದರ ಜೊತೆಗೋ ಅದಿಲ್ಲದೆಯೋ ಉಸಿರುಕಟ್ಟು, ದವಡೆ ಬೆನ್ನುಗಳ ನೋವು, ವಾಕರಿಕೆ, ವಿಪರೀತ ಸುಸ್ತು ಬಂದರೆ ಅದನ್ನು ನೋವೆಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ನಾವೂ ಇಡುವುದಿಲ್ಲ.

ದುಡ್ಡಿನ ನೆಪ ಹೇಳುವವರಿಗೆ ಒಂದು ಮಾತು. 46ನೇ ವಯಸ್ಸಿಗೇ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ, ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡಲೆಂದೇ ಬಂದದ್ದು. ಇಂಜೆಕ್ಷನ್ ಇದ್ದೂ ಹೆಂಗಸು ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪದಿದ್ದರೆ ತಪ್ಪು ಯಾರದು?

ತಂಗಿಯರೇ, ತಿಂಡಿ ಒಂದು ದಿನ ತಡವಾದರೆ ಯಾರೂ ಸಾಯುವುದಿಲ್ಲ. ಒಲೆ ಆರಿಸಿ. 108ಕ್ಕೆ ಫೋನ್ ಮಾಡಿಸಿ. "ಮೊದಲು ಇಸಿಜಿ ತೆಗೆಯಿರಿ" ಎಂದು ಬಾಯಿಬಿಟ್ಟು ಕೇಳಿ. ಗ್ಯಾಸೇ ಆಗಿದ್ದರೆ ನಷ್ಟವೇನು? ನಮ್ಮಣ್ಣನ ಹಾಗೆ ಬೆಳಗಿನ ಕಾಫಿಗೆ ಮನೆಗೆ ಬರುತ್ತೀರಿ. ಆ ಕಾಫಿಯನ್ನು ಬೇರೆ ಯಾರಾದರೂ ಮಾಡಲಿ.