ನಡುವಯಸ್ಸಿನ ಮಾರಾಟ ಪ್ರತಿನಿಧಿ

ನಲವತ್ತೈದು ದಾಟಿದ ಮೇಲೂ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿಯೇ ಉಳಿದು, ಬೆಳಗ್ಗೆ ಸಾಗರದಲ್ಲಿ ಬೈಕು ಹತ್ತಿ, ರಿಪ್ಪನ್‌ಪೇಟೆ, ಹೊಸನಗರ, ಕೋಣಂದೂರುಗಳ ಅಂಗಡಿಗಳನ್ನು ಮುಗಿಸಿ, ತೀರ್ಥಹಳ್ಳಿಯ ವಸತಿಗೃಹದಲ್ಲಿ ರಾತ್ರಿ ಕಳೆಯತಕ್ಕ ಗೃಹಸ್ಥನನ್ನು ಕುರಿತು ನಮ್ಮ ಸೀಮೆಯ ಜನ ಆಡುವ ಮಾತಿನಲ್ಲಿ ಮರುಕವೇ ಹೆಚ್ಚು. ‘ಇನ್ನೂ ಅದೇ ಬ್ಯಾಗೇ? ತೋಟ ನೋಡಿಕೊಂಡು ಮನೆಯಲ್ಲಿರಬಾರದೇ?’ ಎಂದು ನೆಂಟರು ಕೇಳುತ್ತಾರೆ. ವಯಸ್ಸಿನಲ್ಲಿ ತೀರ ಚಿಕ್ಕವನಾದ ಏರಿಯಾ ಮ್ಯಾನೇಜರು ಟಾರ್ಗೆಟ್ಟು ಎಲ್ಲಿಗೆ ಬಂತೆಂದು ಕೇಳುತ್ತಾನೆ. ಈ ಎರಡರ ನಡುವೆ ಸಿಕ್ಕಿದವನಿಗೆ ಕೆಲಸ ಬಿಡುವುದೇ ಲೇಸೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೂ ಆತ ಉಳಿಯಬೇಕು, ಆತನನ್ನು ಉಳಿಸಿಕೊಳ್ಳುವುದು ಕಂಪನಿಯ ಕರ್ತವ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂಬುದನ್ನು ನಮ್ಮ ಅಡಿಕೆ ತೋಟಗಳ ಹಳೆಯ ಕಥೆಯೇ ಹೇಳುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನವನ್ನು ಕೈಗೊಂಡ ಮೈಸೂರು ಸಂಸ್ಥಾನದ ವಿಜ್ಞಾನಿ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು, ಅಡಿಕೆಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಕೊಟ್ಟೆಯೆಂಬ ಹೊದಿಕೆ ಕಟ್ಟಿ ಗೊನೆಗಳನ್ನು ಕಾಯುವ ಪದ್ಧತಿಯಿದ್ದ ನಾಡಿನಲ್ಲಿ ಇಂಥ ಹೊಸತು ನೆಲೆಗೊಳ್ಳಬೇಕಾದರೆ ಔಷಧಿಯ ಗುಣವಷ್ಟೇ ಸಾಲದು. ಅದನ್ನು ಹೇಳುವವನ ಮಾತಿನ ಮೇಲೆ ವಿಶ್ವಾಸವೂ ಬೇಕು. ಆ ವಿಶ್ವಾಸ ಎರಡು ವರ್ಷದಲ್ಲಿ ಊರು ಬದಲಿಸುವ ತರುಣನಿಗೆ ದೊರೆಯತಕ್ಕದ್ದಲ್ಲ.

ಹೊಸನಗರದ ಕಡೆಯ ಒಂದು ಮನೆಯ ಜಗಲಿಯಲ್ಲಿ ಅಂಥ ವಿಶ್ವಾಸ ಬೆಳೆಯುವ ಬಗೆಯನ್ನು ನಾನು ಪ್ರತ್ಯಕ್ಷ ಕಂಡೆನು. ಬೋರ್ಡೋ ಹೊಡೆದರೂ ಫಲವಿಲ್ಲವೆಂದು ಬೇಸತ್ತ ಯಜಮಾನರು ಹೆಚ್ಚು ಬೆಲೆಯ ಹೊಸ ಔಷಧಿಯನ್ನು ತಾವಾಗಿಯೇ ಕೇಳಿದರು. ಕೀಟನಾಶಕ ಕಂಪನಿಯಲ್ಲಿ ಬಹುಕಾಲದಿಂದ ದುಡಿಯುತ್ತಿರುವ ನನ್ನ ಮಿತ್ರರು ಆರ್ಡರು ಬರೆದುಕೊಳ್ಳದೆ, ಡ್ರಮ್ಮಿನಲ್ಲಿದ್ದ ದ್ರಾವಣಕ್ಕೆ ಹೊಳೆಯುವ ಕಬ್ಬಿಣದ ಚಾಕುವೊಂದನ್ನು ಅದ್ದಿ ಸ್ವಲ್ಪ ಹೊತ್ತು ಹಿಡಿದು ತೆಗೆದರು; ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ‘ಗೌಡ್ರೇ, ಔಷಧಿ ಬದಲಾಯಿಸೋದು ಬೇಡ. ಸುಣ್ಣ ಸಾಕಾಗಿಲ್ಲ, ಹಳೇ ಸುಣ್ಣ ಇರಬೇಕು’ ಎಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣದ ಸತ್ವ ಕುಂದಿದರೆ ಲೆಕ್ಕ ತಪ್ಪುತ್ತದೆಂಬುದು ಅನುಭವಿಗೆ ಗೊತ್ತು. ಅಂದು ಮಿತ್ರರ ಆರ್ಡರು ಪುಸ್ತಕದಲ್ಲಿ ಬರೆಯಲು ಏನೂ ಇರಲಿಲ್ಲ.

ಕಂಪನಿಯ ಕಾಗದಪತ್ರಗಳಲ್ಲಿ ಇದು ನಷ್ಟ. ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಆ ತಿಂಗಳು ಅಂಗಡಿಗಳಿಗೆ ಬೇಡದ ಸ್ಟಾಕನ್ನು ತುಂಬಿಸಿದವನೇ ಅಲ್ಲಿ ಸಮರ್ಥನೆನಿಸುತ್ತಾನೆ. ಅಡಿಕೆ ಬೆಳೆಗಾರನ ಕೈಗೆ ಹಣ ಬರುವುದಾದರೋ ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸಿನಲ್ಲಿಯೋ ಮಂಡಿಯಲ್ಲಿಯೋ ಆತ ಅಡಿಕೆ ಕೊಟ್ಟಾಗ. ಅಂಗಡಿಯ ಉದ್ರಿ ತೀರುವುದೂ ಆಗಲೇ. ಜೂನಿನಲ್ಲಿ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾದ ನಡುವಯಸ್ಕನು ಮಾರ್ಚಿನಲ್ಲಿ ಸರಕು ತುಂಬಿಸಲು ಹಿಂಜರಿಯುವುದನ್ನು ಮೇಲಿನವರು ಜಡತೆಯೆಂದು ಕರೆಯುತ್ತಾರೆ. ನಾನು ಅದನ್ನು ಧರ್ಮಬುದ್ಧಿಯೆಂದು ಕರೆಯುತ್ತೇನೆ. ವಾಪಸು ಬರುವ ಸರಕಿನ, ಮುಳುಗುವ ಬಾಕಿಯ ಲೆಕ್ಕ ಹಾಕಿದರೆ ಅದು ವ್ಯವಹಾರಬುದ್ಧಿಯೂ ಹೌದು.

ಇಂಥವನಿಗೆ ಕಾನೂನಿನ ಆಸರೆಯೂ ಸಾಲದು. ಮುಖ್ಯವಾಗಿ ವೈದ್ಯಕೀಯ ಔಷಧ ಕಂಪನಿಗಳ ಪ್ರತಿನಿಧಿಗಳ ಹಿತಕ್ಕಾಗಿ 1976ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನು ನೇಮಕಪತ್ರವನ್ನೂ ರಜೆಯನ್ನೂ ಹಕ್ಕಾಗಿಸಿತು. ಟಾರ್ಗೆಟ್ಟಿನ ಮಿತಿಯನ್ನು ಕುರಿತು ಅದು ಮಾತನಾಡಲಿಲ್ಲ. ಏರುವ ಟಾರ್ಗೆಟ್ಟು, ಅದು ತಪ್ಪಿದರೆ ದೂರದ ಊರಿಗೆ ವರ್ಗ, ಮಕ್ಕಳ ಓದಿನ ನಡುವೆ ಹೊರಡಲಾರದವನಿಂದ ರಾಜೀನಾಮೆ: ವಯಸ್ಸಾದವನನ್ನು ಕಳಿಸುವ ಈ ದಾರಿ ಅನ್ಯಾಯದ್ದು.

ದೇಹಕ್ಕೆ ವಯಸ್ಸಾಗುವುದು ಸುಳ್ಳಲ್ಲ. ಮೇಗರವಳ್ಳಿ, ಆಗುಂಬೆಗಳ ಆಷಾಢದ ಮಳೆಯಲ್ಲಿ ಐವತ್ತರ ಬೆನ್ನು ಬೈಕಿನ ಮೇಲೆ ದಿನವಿಡೀ ನಿಲ್ಲದು. ಮಳೆಗಾಲದ ನಾಲ್ಕು ತಿಂಗಳಿಗಾದರೂ ಕಂಪನಿ ಕಾರಿನ ಖರ್ಚು ಕೊಡಲಿ, ಹೊಸದಾಗಿ ಸೇರಿದ ಹುಡುಗನನ್ನು ಒಂದು ವರ್ಷ ಆತನ ಜೊತೆಗೆ ಕಳಿಸಲಿ, ಆ ಕಲಿಸುವಿಕೆಗೂ ಇನ್ಸೆಂಟಿವ್ ಇಡಲಿ. ಬರುವ ಏಪ್ರಿಲಿನ ಟಾರ್ಗೆಟ್ಟು ಬರೆಯುವುದಕ್ಕೆ ಮೊದಲೇ ಇದಿಷ್ಟೂ ತೀರ್ಮಾನವಾಗಬೇಕು.