ಬೇಳೆ ಬೇಯುವ ನೀರು ಯಾವ ಬೆಟ್ಟದ್ದು?

ಡಿಸೆಂಬರ್ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಕನ್ನಡ ಮನೆಗಳಲ್ಲಿ ಒಂದೇ ಮಾತು: ಈ ಸಲ ಸ್ನೋಗೆ ಯಾವ ವಾರ ಹೋಗೋಣ? ಮೂರ್ನಾಲ್ಕು ಮನೆಯವರು ಸೇರಿ ಟಾಹೋ ಸರೋವರದ ಹತ್ತಿರ ಒಂದು ಮನೆ ಹಿಡಿಯುತ್ತಾರೆ. ಒಬ್ಬರು ಪುಳಿಯೋಗರೆ ಗೊಜ್ಜು ತಂದರೆ ಇನ್ನೊಬ್ಬರದು ಚಪಾತಿ, ಎಣ್ಣೆಗಾಯಿ. ಮಕ್ಕಳಿಗೆ ಮೊಸರನ್ನ. ಕುಕ್ಕರ್ ಯಾರ ಕಾರಿನಲ್ಲಿ ಬರಬೇಕು ಎಂಬುದು ಗುರುವಾರವೇ ತೀರ್ಮಾನವಾಗಿರುತ್ತದೆ. ಹೈವೇ 50ರಲ್ಲಿ ಹಿಮ ಜೋರಾದರೆ ಗಾಡಿ ಪಕ್ಕಕ್ಕೆ ಹಾಕಿ ಚಕ್ರಕ್ಕೆ ಚೈನು ಕಟ್ಟಬೇಕು. ಅಷ್ಟೆಲ್ಲ ಆಗಿ ಮೇಲೆ ತಲುಪಿದ ಮಕ್ಕಳು ಸ್ಲೆಡ್ ಹಿಡಿದು ದಿಬ್ಬದಿಂದ ಜಾರುವಾಗ ಕೂಗುವ ಕೂಗು ಕೇಳಿದರೆ ದಾರಿಯ ದಣಿವು ಉಳಿಯುವುದಿಲ್ಲ.

ನಾನೂ ಹೋಗುತ್ತೇನೆ, ಸಂತೋಷದಿಂದಲೇ ಹೋಗುತ್ತೇನೆ. ನನ್ನ ತಕರಾರು ಬೇರೆ. ಹಿಮ ನೋಡಿ, ಫೋಟೋ ತೆಗೆದು, ಇಳಿದು ಬಂದ ಮೇಲೆ ಆ ಬೆಟ್ಟವನ್ನು ನಾವು ಮರೆತುಬಿಡುತ್ತೇವೆ. ಆದರೆ ಬೆಟ್ಟ ದಿನಾಲೂ ನಮ್ಮ ಅಡುಗೆಮನೆಯಲ್ಲಿದೆ. ಟಾಹೋದಿಂದ ದಕ್ಷಿಣಕ್ಕೆ, ಅದೇ ಸಿಯೆರಾ ನೆವಾಡಾ ಸಾಲಿನಲ್ಲಿ ಬಿದ್ದ ಹಿಮ ಕರಗಿ ಟುವಾಲಮಿ ನದಿಯಾಗುತ್ತದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗೇ ಇರುವ ಹೆಚ್-ಹೆಚ್ಚಿ ಎಂಬ ಕಣಿವೆಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿಂದ ಸುಮಾರು 270 ಕಿ.ಮೀ. ದೂರ ಸುರಂಗಗಳಲ್ಲಿ, ಕೊಳವೆಗಳಲ್ಲಿ ಹರಿದು ಬರುವ ನೀರನ್ನು ಕೊಲ್ಲಿ ಸೀಮೆಯ ಸುಮಾರು 27 ಲಕ್ಷ ಜನ ಕುಡಿಯುತ್ತಾರೆ.

ನಾನಿರುವುದು ಹೇವರ್ಡಿನಲ್ಲಿ. ಈ ಊರಿನ ನಲ್ಲಿಗೆ ಬರುವುದು ಇದೇ ವ್ಯವಸ್ಥೆಯ ನೀರು. ಅಡುಗೆ ಮಾಡುವವರಿಗೆ ಅದರ ಗುಣ ಮೊದಲು ತಿಳಿಯುವುದು ತೊಗರಿಬೇಳೆಯಲ್ಲಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಬೋರ್‌ವೆಲ್ ನೀರಿಗೆ ಇಟ್ಟ ಬೇಳೆ, ಕುಕ್ಕರ್ ಎಷ್ಟು ಕೂಗಿದರೂ ಕಾಳುಕಾಳಾಗಿಯೇ ಇರುತ್ತಿತ್ತು. ಪಾತ್ರೆಯ ತಳದಲ್ಲಿ ಉಜ್ಜಿದರೂ ಹೋಗದ ಬಿಳಿ ಕರೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನು ಬಿಗಿ ಮಾಡುತ್ತವೆ, ಹಾಗಾಗಿ ಬೇಳೆ ಕರಗುವುದಿಲ್ಲ. ಇಲ್ಲಿ ಅದೇ ತೊಗರಿಬೇಳೆ, ಫ್ರೀಮಾಂಟಿನ ಇಂಡಿಯನ್ ಅಂಗಡಿಯದು, ಎರಡು ಕೂಗಿಗೆ ನುಣ್ಣಗಾಗುತ್ತದೆ. ಕಡೆಗೋಲು ಬೇಡ, ಸೌಟಿನಲ್ಲಿ ತಿರುವಿದರೆ ಸಾಕು. ಗ್ರಾನೈಟ್ ಬಂಡೆಯ ಮೇಲೆ ಹರಿದು ಬಂದ ಹಿಮದ ನೀರಿದು. ಆ ಕಲ್ಲು ಅಷ್ಟು ಸುಲಭಕ್ಕೆ ನೀರಿಗೆ ಲವಣ ಬಿಟ್ಟುಕೊಡುವುದಿಲ್ಲ. ಸ್ಯಾನ್ ಹೋಸೆಯಲ್ಲಿ ಅಂತರ್ಜಲ ಬರುವ ಬಡಾವಣೆಯ ಗೆಳತಿಯೊಬ್ಬಳು ನಮ್ಮ ಮನೆಯ ತಿಳಿಸಾರು ಉಂಡು, ಬೇಳೆ ಎಲ್ಲಿಯದು ಎಂದು ಕೇಳಿದಳು. ಬೇಳೆ ಇಬ್ಬರದೂ ಒಂದೇ ಅಂಗಡಿಯದು.

ಈ ಸೀಮೆಯ ಋತುಗಳು ನಮ್ಮವಕ್ಕೆ ತಿರುಗುಮುರುಗು. ನಾನು ಮಲೆನಾಡಿನ ಸಾಗರದ ಕಡೆಯವಳು. ಅಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗಳನ್ನು ಎಣಿಸುವ ಹೊತ್ತಿನಲ್ಲಿ ಇಲ್ಲಿ ಹನಿ ಬೀಳುವುದಿಲ್ಲ. ಮಳೆಯೆಲ್ಲ ನವೆಂಬರಿನಿಂದ ಮಾರ್ಚ್‌ವರೆಗೆ. ಆಗ ಹೇವರ್ಡಿನ ಗುಡ್ಡಗಳು ಹಸಿರು. ಮೇ ಮುಗಿಯುವಷ್ಟರಲ್ಲಿ ಹುಲ್ಲು ಒಣಗಿ ಹೊಂಬಣ್ಣ. ಬ್ರೆಂಟ್‌ವುಡ್ ತೋಟಗಳಿಗೆ ಚೆರ್ರಿ ಕೊಯ್ಯಲು ಹೋಗುವುದು ಆಗಲೇ. ಸೇಬಿಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಮೀನೋ ಊರಿನ ಆಪಲ್ ಹಿಲ್. ಬೇಸಿಗೆಯ ಐದಾರು ತಿಂಗಳು ಮಳೆಯಿಲ್ಲದ ನಾಡು ಬದುಕುವುದು ಬೆಟ್ಟದ ಮೇಲೆ ಗಟ್ಟಿಯಾಗಿ ಕೂತ ಹಿಮದಿಂದ. ಕ್ಯಾಲಿಫೋರ್ನಿಯಾಕ್ಕೆ ಬೇಕಾದ ನೀರಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆ ಹಿಮದ್ದೇ.

ಟಾಹೋಗೆ ಹೋಗುವ ಹೈವೇ 50ರಲ್ಲೇ ಫಿಲಿಪ್ಸ್ ಸ್ಟೇಷನ್ ಎಂಬ ಜಾಗವಿದೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸರ್ಕಾರದವರು ಉದ್ದನೆಯ ಕೊಳವೆ ನೆಟ್ಟು ಅಲ್ಲಿ ಹಿಮದ ಆಳ ಅಳೆಯುತ್ತಾರೆ. 2015ರ ಏಪ್ರಿಲ್ 1ರಂದು ಅಲ್ಲಿ ಹಿಮವೇ ಇರಲಿಲ್ಲ. ಅಂದಿನ ಗವರ್ನರ್ ಜೆರ್ರಿ ಬ್ರೌನ್ ಒಣಹುಲ್ಲಿನ ಮೇಲೆ ನಿಂತು, ರಾಜ್ಯದ ಊರುಗಳೆಲ್ಲ ಶೇ 25ರಷ್ಟು ನೀರು ಉಳಿಸಲೇಬೇಕೆಂದು ಆದೇಶ ಹೊರಡಿಸಿದರು. 2023ರ ಏಪ್ರಿಲಿನಲ್ಲಿ ಅದೇ ಜಾಗದಲ್ಲಿ ಹತ್ತು ಅಡಿಗೂ ಮೇಲೆ ಹಿಮ. ನಮ್ಮ ಮಕ್ಕಳು ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದಾರೆ. ಅಳತೆಯ ಈ ಜಾಗವನ್ನು ಅವರಿಗೆ ತೋರಿಸಿದವರು ಎಷ್ಟು ಮಂದಿ?

ಅಮ್ಮ ಊರಿಂದ ಬಂದಿದ್ದ ವರ್ಷ ಮೇ ತಿಂಗಳಲ್ಲಿ ಅವಳನ್ನು ಹೆಚ್-ಹೆಚ್ಚಿಗೆ ಕರೆದುಕೊಂಡು ಹೋದೆ. ಹೇವರ್ಡಿನಿಂದ ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆಯ ದಾರಿ. ಓಕ್‌ಡೇಲ್ ದಾಟಿ ಹೈವೇ 120 ಹಿಡಿದರೆ ಬೆಟ್ಟದ ಬುಡದಲ್ಲಿ ಮಾಕಸಿನ್ ವಿದ್ಯುದಾಗಾರ ಕಾಣುತ್ತದೆ. ನಲ್ಲಿಗೆ ಬರುವ ಮೊದಲು ನೀರು ಇಲ್ಲಿ ಕರೆಂಟು ಕೊಟ್ಟು ಮುಂದೆ ಹೋಗುತ್ತದೆ. ಗುಡ್ಡದಿಂದ ಇಳಿದ ದಪ್ಪ ಪೈಪುಗಳನ್ನು ನೋಡಿದ ಕೂಡಲೆ ಅಮ್ಮ "ನಮ್ಮ ಜೋಗದ ಪವರ್ ಹೌಸೇ" ಅಂದಳು.

ಮೇಲೆ ಜನ ಕಡಿಮೆ. ಯೊಸೆಮಿಟಿ ಕಣಿವೆಯಲ್ಲಿ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಇಲ್ಲಿ ನಾವು ಬೇಕಾದ ಕಡೆ ನಿಲ್ಲಿಸಿದೆವು. ಅಣೆಕಟ್ಟಿನ ಮೇಲೆಯೇ ನಡೆದು, ಬಂಡೆ ಕೊರೆದ ಸುರಂಗ ದಾಟಿದರೆ ಜಲಾಶಯದ ಅಂಚಿನಲ್ಲಿ ಕಾಲುದಾರಿ. ಎದುರಿಗೆ ವಪಾಮಾ ಜಲಪಾತ, ಹಿಮ ಕರಗುವ ಕಾಲವಾದ್ದರಿಂದ ಭೋರ್ಗರೆಯುತ್ತಿತ್ತು. ಈಜುವಂತಿಲ್ಲ, ದೋಣಿ ಬಿಡುವಂತಿಲ್ಲ, ಕುಡಿಯುವ ನೀರು ಎಂಬ ಫಲಕ. ಈ ನೀರನ್ನು ಸೋಸುವುದೇ ಇಲ್ಲ. ಕ್ಲೋರಿನ್, ಅತಿನೇರಳೆ ಕಿರಣ ಇಷ್ಟರಲ್ಲೇ ಶುದ್ಧಿ ಮುಗಿಸುತ್ತಾರೆ, ಅಷ್ಟು ತಿಳಿ.

ಬಂಡೆಯ ನೆರಳಿನಲ್ಲಿ ಕೂತು ಮೊಸರನ್ನ ಬಿಚ್ಚಿದೆವು. ಅಮ್ಮ ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಮಿಡಿಯನ್ನು ಕಚ್ಚಿದರೆ ಜೀರಿಗೆಯ ಪರಿಮಳ ಮೂಗಿನವರೆಗೆ ಏರುತ್ತದೆ, ಒಳಗಿನ ಎಳೆ ಓಟೆ ಹಲ್ಲಿಗೆ ಕರುಂ ಎನ್ನುತ್ತದೆ. ಅಮ್ಮ ನೀರನ್ನೇ ನೋಡುತ್ತಿದ್ದವಳು ಕೇಳಿದಳು: "ಇದ್ರ ಅಡೀಲೂ ಯಾರದ್ದೋ ಮನೆ ಇತ್ತೇನೆ? ಅವ್ರೆಲ್ಲ ಎಲ್ಲಿಗೆ ಹೋದ್ರಂತೆ?"

ಪ್ರವಾಸದ ಕೈಪಿಡಿಯಲ್ಲಿ ಈ ಪ್ರಶ್ನೆ ಇರುವುದಿಲ್ಲ. ಅದು ಅಮ್ಮನಿಗೆ ಹೊಳೆದದ್ದಕ್ಕೆ ಕಾರಣವಿದೆ. ಅವಳ ತವರು ಕರೂರು ಹೋಬಳಿ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಅವಳಿಗೆ ಎಂಟು ವರ್ಷ. ಅಜ್ಜ ಹಂಚು ಇಳಿಸಿ, ತೊಲೆ ಕಂಬ ಬಿಚ್ಚಿ, ಗಾಡಿಯ ಮೇಲೆ ಹೇರಿಕೊಂಡು ಮೇಲಿನ ಗುಡ್ಡಕ್ಕೆ ಹೋದರಂತೆ. ಫಲಕ್ಕೆ ಬಂದಿದ್ದ ಅಡಿಕೆ ತೋಟವನ್ನು ಬಿಚ್ಚಿಕೊಂಡು ಹೋಗಲಿಕ್ಕೆ ಬರುತ್ತದೆಯೇ? ಅಜ್ಜನ ತಮ್ಮನ ಮನೆಯವರನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗದ ಕಡೆಯ ಕಾಡಿನ ಅಂಚಿಗೆ ಇಳಿಸಿದರು. ಹೊಳೆಯಂಚಿನಲ್ಲಿದ್ದ ಅಪ್ಪೆಮಿಡಿ ಮರಗಳೂ ಮುಳುಗಿದವು. ಅಪ್ಪೆಮಾವು ಹೊಳೆಸಾಲಿನ ಮರ, ಒಂದೊಂದು ಮರದ ಮಿಡಿಗೂ ಒಂದೊಂದು ವಾಸನೆ, ಒಂದೊಂದು ಹುಳಿ. ಶರಾವತಿಯ ದಂಡೆಯ ಎಷ್ಟೋ ತಳಿಗಳ ರುಚಿ ಆ ತಲೆಮಾರಿನ ನಾಲಿಗೆಯ ನೆನಪಿನಲ್ಲಷ್ಟೇ ಉಳಿಯಿತು.

ಹೆಚ್-ಹೆಚ್ಚಿಯ ಕಥೆಯನ್ನು ನನಗೆ ಗೊತ್ತಿದ್ದಷ್ಟು ಅಮ್ಮನಿಗೆ ಹೇಳಿದೆ. 1906ರ ಭೂಕಂಪ, ಆಮೇಲಿನ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಉರಿದುಹೋದ ಮೇಲೆ ನಗರದವರು ಈ ನೀರಿಗೆ ಪಟ್ಟು ಹಿಡಿದರು. ಸಿಯೆರಾ ಕ್ಲಬ್ ಕಟ್ಟಿದ ಜಾನ್ ಮ್ಯೂರ್ ಬಲವಾಗಿ ವಿರೋಧಿಸಿದರು. 1913ರ ಡಿಸೆಂಬರಿನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ರೇಕರ್ ಕಾಯ್ದೆಗೆ ಸಹಿ ಹಾಕಿದರು. ಮರುವರ್ಷ ಮ್ಯೂರ್ ತೀರಿಕೊಂಡರು. 1923ರಲ್ಲಿ ಅಣೆಕಟ್ಟು ಮುಗಿಯಿತು, 1934ರಲ್ಲಿ ನೀರು ಕೊಲ್ಲಿಗೆ ಬಂತು. ಮ್ಯೂರ್ ಬಗ್ಗೆ ನನಗೆ ಗೌರವವಿದೆ. ಆದರೂ ಅವರು ಅತ್ತದ್ದು ಕಣಿವೆಯ ಚೆಲುವಿಗೆ. ಅಲ್ಲಿ ಬದುಕಿದ್ದ ಮೀವಾಕ್, ಪೈಯೂಟ್ ಜನರಿಗಾಗಿ ಅಷ್ಟು ಜೋರಾಗಿ ದನಿಯೆತ್ತಿದವರು ಆ ಜಗಳದ ಎರಡೂ ಕಡೆ ಇರಲಿಲ್ಲ. ಅಣೆಕಟ್ಟಿಗೂ ಮೊದಲೇ, 1851ರಲ್ಲಿ, ಸಶಸ್ತ್ರ ದಂಡೊಂದು ಯೊಸೆಮಿಟಿಗೆ ನುಗ್ಗಿ ಅಲ್ಲಿನವರನ್ನು ಹೊರದಬ್ಬಿತ್ತು.

ಅವರ ಊಟದ ಗುರುತು ಇಂದಿಗೂ ಯೊಸೆಮಿಟಿಯ ಬಂಡೆಗಳ ಮೇಲಿದೆ. ಓಕ್ ಮರದ ಕಾಯಿಯನ್ನು ಒಣಗಿಸಿ, ಸಿಪ್ಪೆ ತೆಗೆದು, ಬಂಡೆಯಲ್ಲೇ ತೋಡಿದ ಒರಳುಗಳಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಆ ಹಿಟ್ಟು ಕಹಿ, ಒಗರು. ಮೇಲಿಂದ ಮೇಲೆ ನೀರು ಹೊಯ್ದು ಕಹಿ ಬಿಡಿಸಿದ ಮೇಲೆಯೇ ಗಂಜಿ. ಮರುದಿನ ಅಂಥದೊಂದು ಒರಳಿನ ಗುಂಡಿಯೊಳಗೆ ಅಮ್ಮ ಕೈಯಿಟ್ಟು ಅಂಚು ಸವರಿದಳು. ಎಷ್ಟು ಹೆಂಗಸರು ಎಷ್ಟು ವರ್ಷ ಕುಟ್ಟಿದರೆ ಗ್ರಾನೈಟ್ ಅಷ್ಟು ನಯವಾಗಬೇಕು ಎಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

ಹೆಚ್-ಹೆಚ್ಚಿ ಜಲಾಶಯವನ್ನು ಬರಿದು ಮಾಡಿ ಕಣಿವೆಯನ್ನು ಮೊದಲಿನಂತೆ ಮಾಡಬೇಕೆನ್ನುವವರು ಇಲ್ಲಿದ್ದಾರೆ. ಅದಕ್ಕೊಂದು ಯೋಜನೆ ಸಿದ್ಧಪಡಿಸಬೇಕೇ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತದಾರರನ್ನು ಕೇಳಿದಾಗ ಮುಕ್ಕಾಲಿಗೂ ಹೆಚ್ಚು ಮಂದಿ ಬೇಡ ಎಂದರು. ಆ ನೀರಿನಲ್ಲೇ ಅನ್ನ ಬೇಯಿಸುವ ನಾನು ಅಣೆಕಟ್ಟು ಒಡೆಯಿರಿ ಎನ್ನಲಾರೆ. ಆದರೆ ಕುಡಿಯುವವರಿಗೆ ಒಂದು ಹೊಣೆಯಿದೆ ಎಂದು ಖಂಡಿತ ಹೇಳುತ್ತೇನೆ. ನೀರು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂದು ತಿಳಿದಿರಬೇಕು. ತಿಳಿದ ಮೇಲೆ ಸುಮ್ಮನಿರಬಾರದು.

ಈ ಮಾತನ್ನು ಅಮೆರಿಕದಲ್ಲಿ ಕೂತು ಅಮೆರಿಕದವರಿಗಷ್ಟೇ ಹೇಳಿದರೆ ಸಾಲದು. ಹೆಚ್-ಹೆಚ್ಚಿಯ ನೀರು ಪಂಪಿಲ್ಲದೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಬೆಂಗಳೂರಿನ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಕರೆಂಟು ಸುರಿದು ಎತ್ತಬೇಕು. ಅಷ್ಟಾಗಿಯೂ ನೀರು ಸಾಲುವುದಿಲ್ಲ, 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಸಾಲದಾದಾಗೆಲ್ಲ ಕಣ್ಣು ಶರಾವತಿಯ ಮೇಲೆ ಬೀಳುತ್ತದೆ. 2019ರಲ್ಲಿ ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಮಲೆನಾಡು ಬೀದಿಗಿಳಿಯಿತು. 'ಮುಳುಗಡೆ', 'ದ್ವೀಪ' ಬರೆದ ಸಾಗರದ ನಾ. ಡಿಸೋಜ ತಮ್ಮ ಇಳಿವಯಸ್ಸಿನಲ್ಲೂ ಆ ಹೋರಾಟದ ಮುಂಚೂಣಿಯಲ್ಲಿದ್ದರು. 2025ರ ಜನವರಿಯಲ್ಲಿ ಅವರು ನಮ್ಮನ್ನಗಲಿದರು. ಅದೇ ವರ್ಷದ ಜುಲೈನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ನಾಡಿಗೆಲ್ಲ ಬೆಳಕು ಕೊಡಲು ನಿಂತ ಆ ಹಿನ್ನೀರಿನ ಆಚೆಯವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ಅಲ್ಲಿಯವರೆಗೆ ಬಸುರಿಯಾದರೂ, ಕಾಯಿಲೆಯವರಾದರೂ ಲಾಂಚಿಗೇ ಕಾಯಬೇಕಿತ್ತು.

ಇಲ್ಲಿನ ಕನ್ನಡ ಕೂಟದವರಲ್ಲಿ ನನ್ನ ಕೋರಿಕೆ ಸಣ್ಣದು. ಟಾಹೋಗೆ ಹೋಗಿ, ಬೇಡ ಎನ್ನುವುದಿಲ್ಲ. ಆದರೆ ಮೇ ತಿಂಗಳಲ್ಲಿ ಒಂದು ವಾರಾಂತ್ಯ ಮಕ್ಕಳನ್ನು ಹೆಚ್-ಹೆಚ್ಚಿಗೆ ಕರೆದೊಯ್ಯಿರಿ. ಮನೆಯ ಬೇಳೆ ಬೇಯುವ ನೀರು ಇದು ಎಂದು ತೋರಿಸಿ, ಮೀವಾಕರ ಹೆಸರನ್ನೂ ಹೇಳಿ. ಊರಿಗೆ ಹೋದಾಗ ಜೋಗ ನೋಡಿ ಹಿಂದಿರುಗದೆ ಹಿನ್ನೀರಿನಾಚೆಯ ತುಮರಿಯವರೆಗೆ ಹೋಗಿ. ಬೇಸಿಗೆಯಲ್ಲಿ ನೀರು ಇಳಿದಿದ್ದರೆ ಹಿನ್ನೀರಿನಲ್ಲಿ ಅಂದು ಮುಳುಗಿದ ಮರಗಳ ಬೊಡ್ಡೆಗಳು ಕಾಣುತ್ತವೆ, ಹಳೆಯ ಮಡೆನೂರು ಅಣೆಕಟ್ಟೂ ಮೇಲೇಳುತ್ತದೆ.

ಬೆಂಗಳೂರಿನ ಓದುಗರಲ್ಲಿ, ಸರ್ಕಾರ ನಡೆಸುವವರಲ್ಲಿ ಕೇಳುವುದು ಇನ್ನೊಂದು. ಲಿಂಗನಮಕ್ಕಿಗಾಗಿ ಮನೆ ಬಿಟ್ಟ ಸಾವಿರಾರು ಕುಟುಂಬಗಳಿಗೆ, ಅಂದು ಲಾರಿಯಿಂದ ಇಳಿಸಿದ ಜಾಗದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. ಅವರಲ್ಲಿ ಅಜ್ಜನ ತಮ್ಮನ ಮೊಮ್ಮಕ್ಕಳೂ ಇದ್ದಾರೆ. ಕಾಗದದ ಮೇಲೆ ಅದು ಅರಣ್ಯ, ಅವರು ಒತ್ತುವರಿದಾರರು. ಶರಾವತಿಯಿಂದ ಇನ್ನೊಂದು ಹನಿ ನೀರು ಕೇಳುವ ಮೊದಲು ಆ ಹಕ್ಕುಪತ್ರಗಳನ್ನು ಕೊಡಿ.