ಸೂರಿನ ನೀರು ಚರಂಡಿಗೆ, ಜೇಬಿನ ಕಾಸು ಕ್ಯಾನಿಗೆ



ನಾವು ರಾಗಿ ಮಾರುವಾಗ ಬೆಲೆ ಕಟ್ಟುವವನು ಕೊಳ್ಳುವವನು. ನಾವು ನೀರು ಕೊಳ್ಳುವಾಗ ಬೆಲೆ ಕಟ್ಟುವವನು ಮಾರುವವನು. ಎರಡು ಕಡೆಯೂ ಬಾಯಿ ಮುಚ್ಚಿಕೊಂಡು ನಿಂತವನು ರೈತ. ನೆಲ ಇದ್ದವನು, ಬೋರು ಇದ್ದವನು ಇವತ್ತು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾನೆ. ಈ ಗತಿ ಹೇಗೆ ಬಂತು?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೆರೆದ ಬಾವಿ ಬತ್ತಿತು, ಸಾಲ ಮಾಡಿ ಬೋರು ಹಾಕಿಸಿದೆವು. ಅದೂ ಬತ್ತಿತು, ಮತ್ತೆ ಸಾಲ ಮಾಡಿ ಇನ್ನೂ ಆಳಕ್ಕೆ ಇಳಿದೆವು. ಬಂಡೆ ಸಂದಿನ ನೀರಿನ ಜತೆ ಫ್ಲೋರೈಡೂ ಮೇಲೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ ಅಂತ ಸರ್ಕಾರದ ಮಾನಕವೇ ಹೇಳುತ್ತೆ. ಅಂಥ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತೆ, ದೊಡ್ಡವರ ಬೆನ್ನು, ಕೀಲು ಬಿಗಿಯುತ್ತೆ. ಕಾಯಿಸಿದರೆ ಇದು ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಹೆಚ್ಚಾಗುತ್ತೆ.

ಈ ಭಯವೇ ವ್ಯಾಪಾರಿಯ ಬಂಡವಾಳ. ಆರ್.ಒ. ಯಂತ್ರ ಫ್ಲೋರೈಡ್ ತೆಗೆಯೋದು ನಿಜ. ಆದರೆ ಮನೆಯಲ್ಲಿಡುವ ಸಾಮಾನ್ಯ ಯಂತ್ರ ಒಂದು ಲೀಟರು ಒಳ್ಳೆ ನೀರಿಗೆ ಎರಡು ಮೂರು ಲೀಟರು ಚರಂಡಿಗೆ ಬಿಡುತ್ತೆ. ಅದಕ್ಕೆ ಕರೆಂಟು ಬೇಕು, ಆಗಾಗ ಬಿಡಿಭಾಗ ಬೇಕು. ಯಂತ್ರ ಬೇಡ, ದಿನಕ್ಕೊಂದು ಕ್ಯಾನು ಸಾಕು ಅಂತೀರಾ? ಹತ್ತು ರೂಪಾಯಿ ಹಿಡಿದರೂ ವರ್ಷಕ್ಕೆ 3,650 ರೂಪಾಯಿ. ಈ ಖರ್ಚನ್ನು ಯಾವ ಬೆಂಬಲ ಬೆಲೆಯಲ್ಲಿ ಸೇರಿಸಿದ್ದಾರೆ?

ಈಗ ನಮ್ಮ ತಲೆ ಮೇಲಿನ ಸೂರು ನೋಡಿ. ಹತ್ತು ಚದರದ ಮನೆ, ಅಂದರೆ 1,000 ಚದರಡಿ. ಮಳೆ ಬರೀ 500 ಮಿಲಿಮೀಟರ್ ಅನ್ನಿ. ಆ ಸೂರಿನ ಮೇಲೆ ಬೀಳೋದು 46,000 ಲೀಟರಿಗೂ ಮಿಗಿಲು. ಕಾಲು ಭಾಗ ಹಾಳಾದರೂ 34,000 ಲೀಟರ್ ಉಳಿಯುತ್ತೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದ್ದು 9,125 ಲೀಟರ್. ಏಳಡಿ ಉದ್ದ, ಏಳಡಿ ಅಗಲ, ಏಳಡಿ ಆಳದ ತೊಟ್ಟಿ 9,700 ಲೀಟರ್ ಹಿಡಿಯುತ್ತೆ. ಬಂಡೆ ಮುಟ್ಟದ ನೀರಿಗೆ ಫ್ಲೋರೈಡಿನ ಕಾಟವೂ ಇಲ್ಲ.

ಕೆಲಸ ಕಷ್ಟದ್ದಲ್ಲ, ಆದರೆ ಅಸಡ್ಡೆ ಸಲ್ಲದು. ತಾರಸಿಯೋ ಹೆಂಚೋ ಮಳೆಗಾಲಕ್ಕೆ ಮುಂಚೆ ಗುಡಿಸಿ ತೊಳೆಯಿರಿ. ಮೊದಲ ಮಳೆ ನೀರನ್ನು ಹೊರಗೆ ಬಿಡಿ. ಆಮೇಲಿನದ್ದು ಜಲ್ಲಿ, ಇದ್ದಿಲು, ತೊಳೆದ ಮರಳಿನ ಮೂಲಕ ಸೋಸಿ ತೊಟ್ಟಿಗೆ ಇಳಿಯಲಿ. ತೊಟ್ಟಿಗೆ ಬಿಸಿಲು ಬೀಳದಂತೆ ಮುಚ್ಚಳ, ಸೊಳ್ಳೆ ಹೋಗದಂತೆ ಜಾಲರಿ ಇರಲಿ. ಬಿಂದಿಗೆ ಅದ್ದಬೇಡಿ, ನಲ್ಲಿ ಇಡಿ. ಸೋಸಿದ ಮಾತ್ರಕ್ಕೆ ರೋಗಾಣು ಸಾಯಲ್ಲ; ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಸೌದೆ ಸಾಲದಿದ್ದರೆ ತಿಳಿನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಬಿರುಬಿಸಿಲಿಗಿಡಿ. ಮೋಡ ಕವಿದಿದ್ದರೆ ಎರಡು ದಿನ ಬೇಕು.

ಬೆಂಗಳೂರಿನಲ್ಲಿ 2009ರ ಕಾನೂನು 30×40 ಅಡಿ ನಿವೇಶನದ ಹೊಸ ಮನೆಗೂ ಮಳೆನೀರು ಹಿಡಿಯೋದನ್ನು ಕಡ್ಡಾಯ ಮಾಡಿತು. ಕಾವೇರಿ ನೀರು ಬರುವ ಊರಿಗೇ ಸೂರಿನ ನೀರು ಬೇಕಾದರೆ, ನಮಗೆ ಬೇಡವೇ?

ಹಾಗಂತ ಬಡ್ಡಿ ಸಾಲ ಮಾಡಿ ತೊಟ್ಟಿ ಕಟ್ಟಿಸಬೇಡಿ. ಬೋರಿನ ಸಾಲವೇ ಇನ್ನೂ ತೀರಿಲ್ಲ. ಗುಂಡಿ ತೋಡೋದು, ಕಲ್ಲು ಹೊರೋದು ಮುಯ್ಯಾಳಿನಲ್ಲಿ ಆಗುತ್ತೆ. ಸಿಮೆಂಟಿನ ಖರ್ಚು ಸರ್ಕಾರ ಕೊಡಲಿ. ವಿಷದ ನೀರಿನ ಊರಿನಲ್ಲಿ ಪ್ರತಿ ಮನೆಗೂ ತೊಟ್ಟಿಯ ಸಹಾಯಧನ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು. ಬೆಳೆದದ್ದಕ್ಕೆ ಬೆಲೆ ಕೇಳುವ ನಾವು, ಮುಗಿಲು ಬಿಟ್ಟಿ ಕೊಟ್ಟದ್ದನ್ನು ಚರಂಡಿಗೆ ಬಿಟ್ಟು ಅಂಗಡಿಯಲ್ಲಿ ಕೊಳ್ಳೋದು ಇಲ್ಲಿಗೆ ಸಾಕು.